ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗುವನ್ನು ಕಟ್ಟಿಹಾಕಬೇಡಿ

ಕೈಮೂಳೆ ಮುರಿದುಕೊಂಡ ಮಗುವಿನ ಪ್ಲಾಸ್ಟರ್ ಬಿಚ್ಚಿದ ದಿನ ತಂದೆತಾಯಿಗಳು ಮಾಡುವ ಶಪಥ ನನಗೆ ಕಂಠಪಾಠವಾಗಿದೆ. ‘ಇನ್ನು ಇವನನ್ನು ಮರದ ಹತ್ತಿರಕ್ಕೂ ಬಿಡುವುದಿಲ್ಲ ಸಾರ್, ಸೈಕಲ್ಲನ್ನೂ ಮಾರಿಬಿಡುತ್ತೇವೆ.’ ದಾವಣಗೆರೆಯಲ್ಲಿ ಮಕ್ಕಳ ಮೂಳೆ ಚಿಕಿತ್ಸೆ ಮಾಡುತ್ತಿರುವ ನನಗೆ ಈ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಬೀಳುವಾಗ ಕೈಯೂರಿ ಮಣಿಕಟ್ಟಿನ ಬಳಿ ಆಗುವ ಮುರಿತ ಮಕ್ಕಳಲ್ಲಿ ತೀರ ಸಾಮಾನ್ಯ. ಬಹುಪಾಲು 4ರಿಂದ 6 ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮೊಣಕೈ ಬಳಿಯ ಮುರಿತದ ಮಾತು ಬೇರೆ: ಅಲ್ಲಿ ರಕ್ತನಾಳಕ್ಕೆ, ನರಕ್ಕೆ ಪೆಟ್ಟು ಬಿದ್ದಿರಬಹುದಾದ್ದರಿಂದ ಎಣ್ಣೆ ತಿಕ್ಕಿಸುತ್ತಾ ಕಾಲ ಕಳೆಯಬಾರದು.

ಹೀಗೆ ಶಪಥ ಮಾಡಿದ ತಂದೆಯೇ ಹೊರಗೆ ಹೋಗಿ ಮೂರು ವರ್ಷದ ಮಗಳನ್ನು ಸ್ಕೂಟರಿನ ಮುಂದೆ ಬರಿದಲೆಯಲ್ಲಿ ನಿಲ್ಲಿಸಿಕೊಂಡು ಪಿ.ಬಿ. ರಸ್ತೆಗೆ ಇಳಿಯುತ್ತಾರೆ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಲ್ಲೇ ಜಾರಿಗೆ ಬಂದಿದೆ.

ನಾನು ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯದ ಸಂಗತಿ ಒಂದೇ. ಮಗು ತಾನೇ ನೋಡಿ, ಮುಟ್ಟಿ, ಅಂದಾಜು ಮಾಡಬಲ್ಲ ಅಪಾಯ ಬೇರೆ. ಅದರ ಅಂದಾಜಿಗೆ ಸಿಗದ ಅಪಾಯ ಬೇರೆ. ಸೀಬೆಮರದ ಕೊಂಬೆಯನ್ನು ಮಗು ಕಾಲಿನಿಂದ ಒತ್ತಿ ನೋಡಬಲ್ಲದು, ಬಾಗಿದರೆ ಹಿಂದೆ ಸರಿಯಬಲ್ಲದು, ಎತ್ತರ ಸಾಕೆನಿಸಿದರೆ ಅಲ್ಲಿಗೇ ನಿಲ್ಲಬಲ್ಲದು. ಭದ್ರಾ ನಾಲೆಯ ಮುಂದೆ ಇಂಥ ಪರೀಕ್ಷೆ ಸಾಧ್ಯವಿಲ್ಲ. ಮೇಲೆ ನೀರು ಸಾವಧಾನವಾಗಿ ಹರಿಯುವಂತೆ ಕಾಣುತ್ತದೆ, ಒಳಗಿನ ಸೆಳೆತ ಕಾಣುವುದಿಲ್ಲ, ಇಳಿಜಾರು ಕಾಂಕ್ರೀಟು ಪಾಚಿಗಟ್ಟಿರುವುದರಿಂದ ಈಜು ಬಲ್ಲವರಿಗೂ ಹಿಡಿದು ಮೇಲೇರಲು ಆಸರೆ ಸಿಗುವುದಿಲ್ಲ. ವಾಹನಗಳ ವಿಷಯವೂ ಹೀಗೆಯೇ: ವೇಗವಾಗಿ ಬರುತ್ತಿರುವ ವಾಹನದ ವೇಗವನ್ನು ಸರಿಯಾಗಿ ಅಳೆಯುವ ಶಕ್ತಿ ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣಿಗೆ ಇನ್ನೂ ಬಂದಿರುವುದಿಲ್ಲ. ಎರಡನೆಯ ಬಗೆಯದನ್ನು ದೊಡ್ಡವರೇ ತಡೆಯಬೇಕು, ಅಲ್ಲಿ ರಿಯಾಯಿತಿಯೇ ಇಲ್ಲ. ಮೊದಲನೆಯದನ್ನು ಮಾತ್ರ ಮಗುವಿಗೇ ಬಿಡಬೇಕು. ಕೆನಡಾದ ಮಕ್ಕಳ ತಜ್ಞರ ಸಂಘವು 2024ರಲ್ಲಿ ಹೊರಾಂಗಣ ಆಟದ ಬಗ್ಗೆ ಪ್ರಕಟಿಸಿದ ನಿಲುವಿನಲ್ಲೂ ಈ ವ್ಯತ್ಯಾಸವೇ ಮುಖ್ಯವಾಗಿದೆ.

ಬಿಡುವುದೆಂದರೆ ಕೈಬಿಡುವುದಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಒಮ್ಮೆ, ಏಳೆಂಟು ವರ್ಷದ ಹುಡುಗಿಯೊಬ್ಬಳು ಆಳೆತ್ತರದ ಬಂಡೆಯಿಂದ ಇಳಿಯಲಾರದೆ ನಿಂತಿದ್ದಳು. ಕೆಳಗಿನಿಂದ ಅಪ್ಪ ‘ಹುಷಾರು, ಹುಷಾರು’ ಎಂದು ಕೂಗುತ್ತಿದ್ದರು. ಅವಳು ಕಾಲಿಡುವ ಜಾಗ ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಜೊತೆಗಿದ್ದ ಅಜ್ಜಿ ಮಾತ್ರ, ‘ತಿರುಗವ್ವ, ಬಂಡಿಗೆ ಹೊಟ್ಟಿ ಹಚ್ಚು, ಎಡಗಾಲು ಎಲ್ಲಿ ಇಡ್ತೀ ನೋಡ್ಕೋ’ ಎಂದರು. ಹುಡುಗಿ ತಿರುಗಿದಳು, ಪಾದದಿಂದ ತಡಕಿ ಕಲ್ಲಿನ ಒಂದು ಅಂಚು ಹುಡುಕಿದಳು, ಅದು ಜಾರುವುದೇ ಎಂದು ಎರಡು ಸಲ ಒತ್ತಿ ನೋಡಿ ಭಾರ ಬಿಟ್ಟಳು. ಆ ಅಜ್ಜಿಯ ಮೇಲೆ ನನಗೆ ಇಂದಿಗೂ ಅಪಾರ ಗೌರವ. ‘ಹುಷಾರು’ ಎಂಬ ಕೂಗಿನಿಂದ ಮಗುವಿಗೆ ಯಾವ ಮಾಹಿತಿಯೂ ದೊರೆಯುವುದಿಲ್ಲ. ‘ಆ ಕಲ್ಲು ಅಲ್ಲಾಡುತ್ತದೆಯೇ?’, ‘ಇಳಿಯುವುದು ಹೇಗೆಂದು ಯೋಚಿಸಿದೆಯಾ?’ ಎಂಬ ಪ್ರಶ್ನೆಗಳಿಂದ ದೊರೆಯುತ್ತದೆ.

ನಾಲೆಯನ್ನು ನಿಷೇಧಿಸಿದರೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. ಶಾಲಾ ವಯಸ್ಸಿನ ಮಕ್ಕಳಿಗೆ ಈಜನ್ನೂ ನೀರಿನ ಸುರಕ್ಷತೆಯನ್ನೂ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಆ ಕಲಿಕೆ ತರಬೇತುದಾರರಿರುವ ಈಜುಕೊಳದಲ್ಲಿ ಆಗಲಿ.

ಇಷ್ಟು ಹೇಳಿದ ಮೇಲೂ ಎಲ್ಲ ಮಕ್ಕಳಿಗೂ ಒಂದೇ ಅಳತೆ ಸಲ್ಲದು. ಸಣ್ಣ ಪೆಟ್ಟಿಗೂ ಪದೇ ಪದೇ ಮೂಳೆ ಮುರಿಯುವ ಮಗುವನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ. ಮೂರ್ಛೆರೋಗವಿರುವ ಮಕ್ಕಳನ್ನು ಮರ ಹತ್ತಲು ಅಥವಾ ನೀರಿಗಿಳಿಯಲು ಬಿಡುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿಯೇ ತೀರಬೇಕು.