ಡೈವರ್ಷನ್: ಕಲ್ಲಿದ್ದಲು ಗಣಿಯ ಅಂಗಳದಲ್ಲಿ ನೀರಿಗೆ ಬೇರೆ ದಾರಿ

ನೆಲದಡಿಯ ಕಲ್ಲಿದ್ದಲು ಗಣಿ ಅಂದರೆ ಸುರಂಗ ಮಾತ್ರ ಅಲ್ಲ. ಸುರಂಗದ ಬಾಯಿಯ ಮುಂದೆ ದೊಡ್ಡ ಅಂಗಳ ಇರುತ್ತದೆ. ಕಲ್ಲಿದ್ದಲಿನ ರಾಶಿ, ಕನ್ವೇಯರ್ ಬೆಲ್ಟ್, ಲಾರಿ ರಸ್ತೆ, ವರ್ಕ್‌ಶಾಪ್, ಒಳಗಿಂದ ತೆಗೆದ ಕಲ್ಲುಮಣ್ಣಿನ ಗುಡ್ಡೆ ಎಲ್ಲವೂ ಅಲ್ಲೇ. ಗುಡ್ಡಗಾಡಿನಲ್ಲಿ ಇಷ್ಟು ಸಮತಟ್ಟು ಜಾಗ ಸಿಗುವುದು ಹೆಚ್ಚಾಗಿ ಕಣಿವೆಯ ತಳದಲ್ಲಿ. ಹಳ್ಳ ಹರಿಯುವುದೂ ಅಲ್ಲೇ.

ಈ ಹಳ್ಳವನ್ನೂ ಮೇಲಿನ ಇಳಿಜಾರಿನ ಮಳೆನೀರನ್ನೂ ಅಂಗಳಕ್ಕೆ ತಾಗದಂತೆ ಸುತ್ತಿಸಿ ಕೆಳಗೆ ಬಿಡುವ ಏರ್ಪಾಡಿಗೆ ಡೈವರ್ಷನ್ ಅನ್ನುತ್ತಾರೆ. ಅದು ಗುಡ್ಡದ ಬದಿಯಲ್ಲಿ ತೋಡಿದ ಕಾಲುವೆ ಆಗಿರಬಹುದು, ಅಂಗಳದ ಅಡಿಯಲ್ಲಿ ಹಾಕಿದ ಉದ್ದನೆಯ ಮೋರಿ ಆಗಿರಬಹುದು, ಬರೀ ಒಂದು ಮಣ್ಣಿನ ಬದುವೂ ಆಗಿರಬಹುದು.

ಗಣಿಯ ನೀರಿನ ವಿಷಯ ಬಂದಾಗ ಎಲ್ಲರ ಕಣ್ಣು ಹೋಗುವುದು ಕೆಳಗಿನ ಹೂಳುಕೊಳದ ಕಡೆಗೆ. ಅಂಗಳದ ಕೊಳೆನೀರು ಅಲ್ಲಿ ನಿಂತು, ಹೂಳು ತಳಕ್ಕಿಳಿದು, ತಿಳಿನೀರು ಕೋಡಿಯಿಂದ ಹೊರಗೆ ಹೋಗುತ್ತದೆ. ಕೊಳ ಬೇಕೇ ಬೇಕು. ಆದರೆ ಕೊಳವನ್ನು ಉಳಿಸುವುದು ಮೇಲಿನ ಕಾಲುವೆ. ಒಂದು ಲೆಕ್ಕ ಹಾಕಿ ನೋಡೋಣ. ಅಂಗಳ 4 ಹೆಕ್ಟೇರ್, ಅದರ ಮೇಲಿನ ಇಳಿಜಾರು 40 ಹೆಕ್ಟೇರ್ ಅಂದುಕೊಳ್ಳಿ. 50 ಮಿಲಿಮೀಟರ್ ಮಳೆ ಬಂದು ಅರ್ಧ ಹರಿದುಹೋದರೆ ಅಂಗಳದಿಂದ ಬರುವ ನೀರು 10 ಲಕ್ಷ ಲೀಟರ್. ಡೈವರ್ಷನ್ ಇಲ್ಲದಿದ್ದರೆ ಇಳಿಜಾರಿನ ನೀರೂ ಸೇರಿ ಕೊಳಕ್ಕೆ ಬರುವುದು 1.1 ಕೋಟಿ ಲೀಟರ್. ಕಾಡಿನಿಂದ ಶುದ್ಧವಾಗಿ ಇಳಿದ ನೀರನ್ನು ಸುಮ್ನೆ ಕಲ್ಲಿದ್ದಲಿನ ಪುಡಿಯ ಮೇಲೆ ಹರಿಸಿ, ಆಮೇಲೆ ತಿಳಿಯಾಗಿಸಲು ಒದ್ದಾಡುವುದು ಯಾಕೆ, ಅಲ್ವಾ?

ತಿಳಿಯಾಗಿಸುವುದು ಸುಲಭವೂ ಅಲ್ಲ. ಕಣದ ಅಡ್ಡಳತೆ ಅರ್ಧವಾದರೆ ಅದು ಇಳಿಯುವ ವೇಗ ಕಾಲುಭಾಗಕ್ಕೆ ಬೀಳುತ್ತದೆ. ನಿಂತ ನೀರಿನಲ್ಲಿ ಸಣ್ಣ ಮರಳು ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಎರಡು ಮೈಕ್ರಾನ್‌ನ ಜೇಡಿಕಣಕ್ಕೆ ಮೂರು ದಿನ ಬೇಕು. ಕಲ್ಲಿದ್ದಲಿನ ಪುಡಿಯದ್ದು ಬೇರೆಯೇ ತೊಂದರೆ. ಅದರ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು, ಸಾಮಾನ್ಯ ಕಲ್ಲಿನದು 2.6 ಪಟ್ಟು. ಹಾಗಾಗಿ ಅಷ್ಟೇ ಗಾತ್ರದ ಕಲ್ಲಿನ ಕಣಕ್ಕಿಂತ ಕಲ್ಲಿದ್ದಲಿನ ಕಣ ಐದು ಪಟ್ಟು ನಿಧಾನವಾಗಿ ಇಳಿಯುತ್ತದೆ. ಕೊಳಕ್ಕೆ ಬೇಡದ ನೀರು ನುಗ್ಗಿದರೆ ಈ ಕಣಗಳಿಗೆ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ.

ಹಾಗಾದರೆ ಕಾಲುವೆ ಎಷ್ಟು ದೊಡ್ಡದಿರಬೇಕು? ಅಮೆರಿಕದ ಕೇಂದ್ರ ನಿಯಮ ಇದನ್ನು ಮಳೆಯ ಲೆಕ್ಕದಲ್ಲಿ ಹೇಳುತ್ತದೆ. ವರ್ಷವಿಡೀ ಅಥವಾ ವರ್ಷದಲ್ಲಿ ಕೆಲಕಾಲ ಹರಿಯುವ ಹಳ್ಳವನ್ನು ತಾತ್ಕಾಲಿಕವಾಗಿ ತಿರುಗಿಸಿದರೆ, ಹಳ್ಳದ ಪಾತ್ರ, ದಡ ಮತ್ತು ಪಕ್ಕದ ನೆರೆಬಯಲು ಸೇರಿ, ಹತ್ತು ವರ್ಷದ ಆರು ಗಂಟೆಯ ಮಳೆಯನ್ನು ತಾಳಬೇಕು. ಶಾಶ್ವತವಾಗಿ ತಿರುಗಿಸಿದರೆ ನೂರು ವರ್ಷದ ಆರು ಗಂಟೆಯ ಮಳೆಯನ್ನು. ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತು ವರ್ಷದ ಮಳೆ ಅಂದರೆ ಒಮ್ಮೆ ಬಂದರೆ ಮತ್ತೆ ಹತ್ತು ವರ್ಷ ಬಾರದು ಅಂತಲ್ಲ. ಯಾವುದೇ ವರ್ಷ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಮಳೆ ಬರುವ ಸಾಧ್ಯತೆ ಶೇ. 10 ಅಂತ. ಮೂವತ್ತು ವರ್ಷ ನಡೆಯುವ ಗಣಿಯಲ್ಲಿ ಒಮ್ಮೆಯಾದರೂ ಅಂಥ ಮಳೆ ಕಾಣುವ ಸಾಧ್ಯತೆ ಶೇ. 95ಕ್ಕೂ ಹೆಚ್ಚು. ನೂರು ವರ್ಷದ ಮಳೆಗೂ ಅಷ್ಟೇ ಅವಧಿಯಲ್ಲಿ ಸುಮಾರು ಶೇ. 26 ಸಾಧ್ಯತೆ ಇದೆ. "ತಾತ್ಕಾಲಿಕ" ಅಂತ ಕಟ್ಟಿದ ಕಾಲುವೆ ದಶಕಗಟ್ಟಲೆ ಹಾಗೇ ಉಳಿದರೆ ನನಗಂತೂ ಭಯವಾಗುತ್ತದೆ.

ಅಗಲ ಒಂದೇ ಸಾಲದು, ಇಳಿಜಾರನ್ನೂ ನೋಡಬೇಕು. ಇಳಿಜಾರು ಜಾಸ್ತಿಯಾದರೆ ನೀರು ಕಾಲುವೆಯನ್ನೇ ಕೊರೆದು, ಹೂಳು ತಡೆಯಬೇಕಾದದ್ದೇ ಹೂಳು ಹುಟ್ಟಿಸುತ್ತದೆ. ಅದಕ್ಕೇ ಕಡಿದಾದ ಕಡೆ ದಪ್ಪ ಕಲ್ಲು ಹಾಸುತ್ತಾರೆ. ಮೋರಿಯ ಹೊರಬಾಯಿಯಲ್ಲಿ ನೀರಿನ ರಭಸ ಮುರಿಯಲು ಕಲ್ಲಿನ ಗುಂಡಿ ಮಾಡುತ್ತಾರೆ. ಒಳಬಾಯಿಗೆ ಕಬ್ಬಿಣದ ಸರಳು ಹಾಕುತ್ತಾರೆ, ಮರದ ಕೊಂಬೆ ಸಿಕ್ಕಿಕೊಂಡು ಮೋರಿ ಕಟ್ಟಿಕೊಳ್ಳಬಾರದಲ್ಲ.

ನೆಲದಡಿಯ ಗಣಿಗೆ ಇನ್ನೊಂದು ಕಷ್ಟ ಇದೆ. ಕೆಳಗೆ ಕಲ್ಲಿದ್ದಲು ತೆಗೆದಂತೆ ಮೇಲಿನ ನೆಲ ಕುಸಿಯುತ್ತದೆ. ಕಾಲುವೆ ಅಂಥ ನೆಲದ ಮೇಲೆ ಹಾದುಹೋಗಿದ್ದರೆ ಅದರ ಇಳಿಜಾರು ಬದಲಾಗಿ ನೀರು ನಿಲ್ಲಬಹುದು, ಬಿರುಕಿನಿಂದ ಕೆಳಕ್ಕೂ ಇಳಿಯಬಹುದು. ಆದ್ದರಿಂದ ಕಾಲುವೆಯ ನಕ್ಷೆಯನ್ನು ಸುರಂಗದ ನಕ್ಷೆಯ ಜೊತೆ ಇಟ್ಟು ನೋಡಲೇಬೇಕು. ಸುರಂಗದಿಂದ ಪಂಪ್ ಮಾಡಿದ ನೀರಂತೂ ಡೈವರ್ಷನ್‌ಗೆ ಸೇರಲೇಬಾರದು. ಅದರಲ್ಲಿ ಕಬ್ಬಿಣ, ಆಮ್ಲ ಇರಬಹುದು. ಅದನ್ನು ಬೇರೆಯಾಗಿ ಪರೀಕ್ಷಿಸಿ, ಬೇಕಿದ್ದರೆ ಶುದ್ಧ ಮಾಡಿಯೇ ಬಿಡಬೇಕು.

ಗಣಿ ಮುಚ್ಚಿದ ಮೇಲೆ ತಾತ್ಕಾಲಿಕ ಡೈವರ್ಷನ್ ತೆಗೆದು, ನೆಲವನ್ನು ಸರಿಪಡಿಸಬೇಕು. ಇದರಲ್ಲೂ ಕ್ರಮ ಮುಖ್ಯ. ಕೆಳಗಿನ ಹೂಳುಕೊಳ ಅಂಗಳದ ನೀರಿಗಷ್ಟೇ ಅಳತೆ ಮಾಡಿ ಕಟ್ಟಿದ್ದು. ಮೇಲಿನ ಕಾಲುವೆಯನ್ನು ಮೊದಲೇ ಮುಚ್ಚಿಬಿಟ್ಟರೆ ಇಡೀ ಇಳಿಜಾರಿನ ನೀರು ಕೊಳಕ್ಕೆ ಬಂದು ಏರಿ ಮೀರಿ ಹರಿಯುತ್ತದೆ, ಏರಿಯೇ ಒಡೆಯಬಹುದು. ಆದ್ದರಿಂದ ಮೊದಲು ಕೊಳವನ್ನು ದೊಡ್ಡ ನೀರಿಗೆ ತಕ್ಕಂತೆ ಮಾರ್ಪಡಿಸಬೇಕು ಅಥವಾ ತೆಗೆಯಬೇಕು, ಆಮೇಲೆ ಡೈವರ್ಷನ್‌ಗೆ ಕೈ ಹಾಕಬೇಕು.