ಎಬಿಐ: ಕಾಲಿನ ರಕ್ತ ಓಡಾಟ ಅಳೆಯುವ ಸಂಖ್ಯೆ, ಸಕ್ಕರೆ ಕಾಯಿಲೆಯಲ್ಲಿ ಅದು ಮಾಡುವ ಮೋಸ

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತೆರಡು ವರ್ಷ. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಪಕ್ಕ ಒಂದು ಗಾಯ ಆಯಿತು. ಐದು ವಾರ ಕಳೆದರೂ ಒಣಗಲಿಲ್ಲ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ನೋಡೋಣ ಅಂತ ಡಾಕ್ಟರು ಒಂದು ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ ‘ಬಲಗಾಲು ಎಬಿಐ 1.05’ ಅಂತಿತ್ತು, ಪಕ್ಕದಲ್ಲೇ ‘ನಾರ್ಮಲ್’. ಮನೆಯವರೆಲ್ಲ ಉಸ್ಸಪ್ಪಾ ಅಂದುಕೊಂಡೆವು. ಅದು ಅವಸರವಾಗಿತ್ತು.

ಎಬಿಐ ಅಂದರೆ ಆಂಕಲ್ ಬ್ರೇಕಿಯಲ್ ಇಂಡೆಕ್ಸ್. ಆಂಕಲ್ ಅಂದರೆ ಪಾದದ ಗಂಟು, ಬ್ರೇಕಿಯಲ್ ಅಂದರೆ ತೋಳಿಗೆ ಸೇರಿದ್ದು. ಬಿಪಿ 120/80 ಅಂತ ಬರೆಯುತ್ತಾರಲ್ಲ, ಅದರಲ್ಲಿ ದೊಡ್ಡ ಅಂಕಿ ಮಾತ್ರ ಇಲ್ಲಿ ಬೇಕು. ಪಾದದ ಗಂಟಿನ ಹತ್ತಿರ ಸಿಕ್ಕ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿ. ಬಂದದ್ದೇ ಎಬಿಐ. ಎರಡು ತೋಳಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಿಡಿಯುತ್ತಾರೆ.

ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ಕಸ ಕಟ್ಟಿದರೆ ಕೆಳಗಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಅಲ್ವಾ? ಅದೇ ಲೆಕ್ಕ. ತೋಳಲ್ಲಿ 140 ಇದ್ದು ಕಾಲಲ್ಲಿ 84 ಮಾತ್ರ ಸಿಕ್ಕರೆ ಎಬಿಐ 0.6. ಅಂದರೆ ದಾರಿಯಲ್ಲಿ ಎಲ್ಲೋ ರಕ್ತನಾಳ ಕಿರಿದಾಗಿದೆ. ಸಾಮಾನ್ಯವಾಗಿ 1.0ರಿಂದ 1.4ರವರೆಗೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೊಂದರೆ ಅಂತ ಲೆಕ್ಕ.

ಪರೀಕ್ಷೆ ನೋವಿನದಲ್ಲ. ಐದು ಹತ್ತು ನಿಮಿಷ ಸುಮ್ನೆ ಅಂಗಾತ ಮಲಗಬೇಕು. ತೋಳಿಗೂ ಪಾದದ ಗಂಟಿನ ಮೇಲ್ಭಾಗಕ್ಕೂ ಬಿಪಿ ಪಟ್ಟಿ ಸುತ್ತುತ್ತಾರೆ. ಪಾದದ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಪೆನ್ನಿನಷ್ಟು ದಪ್ಪದ ಡಾಪ್ಲರ್ ಕಡ್ಡಿ ಇಟ್ಟರೆ ಸ್ಪೀಕರಿನಲ್ಲಿ ನಮ್ಮದೇ ರಕ್ತ ಓಡುವ ಸದ್ದು ಕೇಳುತ್ತದೆ. ಪಟ್ಟಿಗೆ ಗಾಳಿ ತುಂಬುತ್ತಾ ಹೋದಂತೆ ಸದ್ದು ನಿಲ್ಲುತ್ತದೆ. ನಿಧಾನಕ್ಕೆ ಗಾಳಿ ಬಿಟ್ಟಾಗ ಮತ್ತೆ ಯಾವ ಅಂಕಿಯಲ್ಲಿ ಸದ್ದು ಶುರುವಾಯಿತೋ ಅದೇ ಕಾಲಿನ ಬಿಪಿ. ಈ ಕಡ್ಡಿಗೆ ಯಾರ ಹೆಸರಿದೆಯೋ ಆ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಯೋಚಿಸುತ್ತಿದ್ದುದು ನಕ್ಷತ್ರಗಳ ಬಣ್ಣದ ಬಗ್ಗೆ. ಅವನ ಲೆಕ್ಕ ನಮ್ಮ ದೊಡ್ಡಪ್ಪನ ಪಾದದವರೆಗೂ ಬಂತು ನೋಡಿ.

ಇನ್ನು ಮೋಸದ ವಿಷಯ. ಇಡೀ ಪರೀಕ್ಷೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಪಟ್ಟಿ ಒತ್ತಿದರೆ ರಕ್ತನಾಳ ಮುಚ್ಚಿಕೊಳ್ಳುತ್ತದೆ. ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಹಿಸುಕಿದರೆ ನೀರು ನಿಲ್ಲುತ್ತದೆ. ಅದೇ ಜಿಐ ಪೈಪನ್ನು ಹಿಸುಕಿ ನೋಡಿ! ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಅದರಲ್ಲೂ ಕಿಡ್ನಿ ತೊಂದರೆಯೂ ಸೇರಿಕೊಂಡವರಲ್ಲಿ, ಕಾಲಿನ ರಕ್ತನಾಳದ ಗೋಡೆಯ ನಡುವಿನ ಪದರದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕೂರುತ್ತದೆ. ನಾಳ ಗಡುಸಾಗುತ್ತದೆ. ಜರ್ಮನಿಯ ಮೋಂಕೆಬರ್ಗ್ ಎಂಬ ವೈದ್ಯ ಇದನ್ನು 1903ರಲ್ಲೇ ವಿವರಿಸಿದ್ದ. ಇಂಥ ನಾಳವನ್ನು ಒತ್ತಿ ಮುಚ್ಚಲು ತುಂಬಾ ಗಾಳಿ ತುಂಬಬೇಕು. ಮೀಟರಿನಲ್ಲಿ 210 ಅಂತ ತೋರಿಸುತ್ತದೆ. ಆ 210 ರಕ್ತದ ಒತ್ತಡ ಅಲ್ಲ, ನಾಳದ ಗಡಸುತನ.

210ನ್ನು 140ರಿಂದ ಭಾಗಿಸಿದರೆ 1.5. ಇದು 1.4 ದಾಟಿರುವುದರಿಂದ ನೋಡಿದವರಿಗೆ ಅನುಮಾನ ಬರುತ್ತದೆ. ಹಾಗಾಗಿ 1.5ಕ್ಕೆ ನಾನು ಅಷ್ಟು ಹೆದರುವುದಿಲ್ಲ. ನನ್ನ ಭಯ 1.05ರ ಮೇಲೆ. ನಾಳ ಒಳಗೆ ಕಿರಿದಾಗಿದೆ, ಆದ್ದರಿಂದ ಅಂಕಿ ಇಳಿಯಬೇಕು. ಗೋಡೆಯಲ್ಲಿ ಸುಣ್ಣ ಇದೆ, ಆದ್ದರಿಂದ ಅಂಕಿ ಏರುತ್ತದೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಹಾಕಿ, ರಿಪೋರ್ಟಿನಲ್ಲಿ ಮುದ್ದಾಗಿ ‘ನಾರ್ಮಲ್’ ಅಂತ ಕೂರುತ್ತದೆ. ಎಬಿಐ ತೀರಾ ಕಡಿಮೆ ಬಂದರೆ ನಂಬಿ. ಸಕ್ಕರೆ ಕಾಯಿಲೆಯವರ ಕಾಲಲ್ಲಿ ಗಾಯ ಇದ್ದು ಎಬಿಐ ಚೆನ್ನಾಗಿ ಬಂದರೆ, ಅದೊಂದನ್ನೇ ನಂಬಿ ಕೂರಬೇಡಿ.

ಕಾಲು ತಾನೇ ಹೇಳುವುದಿಲ್ವಾ ಅಂತ ಕೇಳಬಹುದು. ಬೇರೆಯವರಿಗಾದರೆ ಹೇಳುತ್ತದೆ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಆದರೆ ಸಕ್ಕರೆ ಕಾಯಿಲೆ ನರಗಳನ್ನೂ ಕೆಡಿಸಿರುತ್ತದೆ, ನೋವೇ ಗೊತ್ತಾಗುವುದಿಲ್ಲ. ರಕ್ತ ಕಡಿಮೆಯಾದ ಕಾಲು ತಣ್ಣಗಿರಬೇಕು ತಾನೇ? ಅಲ್ಲೂ ಮೋಸ. ನರ ಕೆಟ್ಟಾಗ ಚರ್ಮದ ಹತ್ತಿರದ ಅಡ್ಡದಾರಿಗಳು ತೆರೆದುಕೊಂಡು ಪಾದ ಬೆಚ್ಚಗೇ ಇರಬಹುದು. ದೊಡ್ಡಪ್ಪನ ಪಾದ ಮುಟ್ಟಿ ‘ಬೆಚ್ಚಗಿದೆ, ಏನೂ ಆಗಿಲ್ಲ’ ಅಂದವಳು ನಾನೇ. ಬೆರಳಿಟ್ಟು ನಾಡಿ ನೋಡುವುದು ಒಳ್ಳೆಯದೇ, ಆದರೆ ನಾಡಿ ಸಿಕ್ಕಿತು ಅಂದ ಮಾತ್ರಕ್ಕೆ ರಕ್ತ ಸಾಕಷ್ಟು ಹೋಗುತ್ತಿದೆ ಅಂತಲ್ಲ. ಪಾದದ ಗಾಯ ಆದ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕಾಲಿನ ರಕ್ತನಾಳದ ತೊಂದರೆಯೂ ಇರುತ್ತದೆ.

ಹಾಗಾದರೆ ಏನು ನೋಡಬೇಕು? ಬೆರಳು. ಸುಣ್ಣ ದೊಡ್ಡ ನಾಳಗಳನ್ನು ಹಿಡಿದಷ್ಟು ಕಾಲ್ಬೆರಳಿನ ನಾಳಗಳನ್ನು ಹಿಡಿಯುವುದಿಲ್ಲ. ಅದಕ್ಕೇ ಹೆಬ್ಬೆರಳಿಗೆ ಪುಟಾಣಿ ಪಟ್ಟಿ ಸುತ್ತಿ, ತುದಿಗೆ ಬೆಳಕಿನ ಸೆನ್ಸರ್ ಸಿಕ್ಕಿಸಿ ಅಲ್ಲಿನ ಒತ್ತಡ ನೋಡುತ್ತಾರೆ. ಕಾಲುಂಗುರ ಹಾಕುವುದು ಎರಡನೇ ಬೆರಳಿಗಾದ್ದರಿಂದ ಹೆಂಗಸರಿಗೆ ಇದರಿಂದ ಅಡ್ಡಿಯಿಲ್ಲ. ಪಾದ ಊದಿದ್ದರೆ ಮಾತ್ರ ಕಾಲುಂಗುರ ಮೊದಲೇ ತೆಗೆದಿಡಿ. ಬೆರಳಿನ ಅಂಕಿಯನ್ನು ತೋಳಿನದರಿಂದ ಭಾಗಿಸಿದರೆ ಟಿಬಿಐ, ಅಂದರೆ ಟೋ ಬ್ರೇಕಿಯಲ್ ಇಂಡೆಕ್ಸ್. ಅದು 0.7ಕ್ಕಿಂತ ಕಡಿಮೆ ಇದ್ದರೆ ಅನುಮಾನಿಸಬೇಕು. ಬೆರಳಿನ ಒತ್ತಡವೇ 30ಕ್ಕಿಂತ ಕೆಳಗೆ ಇದ್ದರೆ ಗಾಯ ತಾನಾಗಿ ಒಣಗುವುದು ಕಷ್ಟ, ತಡಮಾಡದೆ ರಕ್ತನಾಳದ ತಜ್ಞರಿಗೆ ತೋರಿಸಬೇಕು.

ಇನ್ನೊಂದು ಸಾಧನ ಕಿವಿ. ಡಾಪ್ಲರಿನಲ್ಲಿ ಆರೋಗ್ಯವಾದ ನಾಳದ ಸದ್ದಿಗೆ ಮೂರು ಹಂತ: ರಕ್ತ ಜೋರಾಗಿ ಮುಂದಕ್ಕೆ, ಒಂಚೂರು ಹಿಂದಕ್ಕೆ, ಮತ್ತೆ ಮೆಲ್ಲಗೆ ಮುಂದಕ್ಕೆ. ಮೇಲೆ ಎಲ್ಲೋ ಅಡಚಣೆ ಇದ್ದರೆ ಈ ಏರಿಳಿತ ಸತ್ತು, ಬಾಗಿಲ ಸಂದಿಯಲ್ಲಿ ಗಾಳಿ ಬೀಸಿದ ಹಾಗೆ ಒಂದೇ ಮಂದ ಸದ್ದು ಕೇಳುತ್ತದೆ. ಇಲ್ಲಿ ಪಟ್ಟಿ ಒತ್ತುವ ಮಾತೇ ಇಲ್ಲ, ಹಾಗಾಗಿ ಸುಣ್ಣದ ಆಟ ಅಷ್ಟು ನಡೆಯುವುದಿಲ್ಲ. 2023ರಲ್ಲಿ ಡಯಾಬಿಟಿಕ್ ಪಾದದ ಅಂತರರಾಷ್ಟ್ರೀಯ ತಜ್ಞರ ಗುಂಪು ಮತ್ತು ರಕ್ತನಾಳ ಸರ್ಜನ್‌ಗಳ ಸಂಘಗಳು ಸೇರಿ ತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ನಾಡಿ, ಡಾಪ್ಲರ್ ಅಲೆ, ಎಬಿಐ, ಟಿಬಿಐ ಎಲ್ಲವನ್ನೂ ಒಟ್ಟಿಗೆ ನೋಡಿ. ಚರ್ಮದ ಆಮ್ಲಜನಕ ಅಳೆಯುವ ಪರೀಕ್ಷೆಯೂ ಇದೆ, ಎಲ್ಲ ಕಡೆ ಸಿಗುವುದಿಲ್ಲ. ಸ್ಕ್ಯಾನು, ಆಂಜಿಯೋಗ್ರಾಮ್ ಬರುವುದು ಆಮೇಲೆ, ಅಡಚಣೆ ಎಲ್ಲಿದೆ ಅಂತ ಹುಡುಕಲು. ಕಿಡ್ನಿ ತೊಂದರೆ ಇದ್ದರೆ, ಚಿತ್ರದಲ್ಲಿ ನಾಳ ಕಾಣಲಿ ಅಂತ ಚುಚ್ಚುವ ಡೈ ಕೊಡುವ ಮೊದಲೇ ಡಾಕ್ಟರಿಗೆ ಹೇಳಿಬಿಡಿ.

ದೊಡ್ಡಪ್ಪನ ಹೆಬ್ಬೆರಳಿನ ಒತ್ತಡ ನೋಡಿದಾಗ 28 ಬಂತು. ತೋಳಲ್ಲಿ ಅದೇ 140. ಟಿಬಿಐ 0.2. ಮಂಡಿಯ ಕೆಳಗೆ ಪಾದದ ಕಡೆ ಇಳಿಯುವ ಮೂರು ನಾಳಗಳಲ್ಲಿ ಎರಡು ಮುಚ್ಚಿದ್ದವು. ಬಲೂನು ಹಾಕಿ ಒಂದನ್ನು ಬಿಡಿಸಿದರು. ಗಾಯ ಪೂರ್ತಿ ಒಣಗಲು ಮತ್ತೆ ಮೂರು ತಿಂಗಳು ಹಿಡಿಯಿತು, ಒಂದು ಉಗುರು ಹೋಯಿತು, ಬೆರಳು ಉಳಿಯಿತು. ಫೈಲಿನಲ್ಲಿ ಆ ಮೊದಲ ರಿಪೋರ್ಟ್ ಈಗಲೂ ಇದೆ, ‘ನಾರ್ಮಲ್’ ಅನ್ನುತ್ತಾ.