ಪದ ಪರಿಚಯ: ಮರುಕಳಿಕೆ – ಬೆಕ್ಕಿನ ಕಣ್ಣಿನ ಹರ್ಪಿಸ್

ಹರ್ಪಿಸ್ ಎಂಬ ಹೆಸರು ಬಂದದ್ದು ತೆವಳು, ಹರಿದಾಡು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ. 'ಸರ್ಪ' ಪದಕ್ಕೆ ಮೂಲವಾದ ಸಂಸ್ಕೃತದ 'ಸೃಪ್' ಧಾತುವೂ ಅದೂ ಒಂದೇ ಬೇರಿನವು. ಹಾಗಾಗಿ ಮನುಷ್ಯರ ಒಂದು ಹರ್ಪಿಸ್ ಕಾಯಿಲೆಗೆ ಕನ್ನಡದಲ್ಲಿ ಸರ್ಪಸುತ್ತು ಎಂಬ ಹೆಸರಿರುವುದು ಚೆಂದದ ಕಾಕತಾಳೀಯ. ಸರ್ಪಸುತ್ತಿನ ಸ್ವಭಾವ ಗೊತ್ತಿದ್ದವರಿಗೆ ಬೆಕ್ಕಿನ ಹರ್ಪಿಸ್ ಅರ್ಧ ಅರ್ಥವಾದಂತೆಯೇ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ ನರದೊಳಗೆ ಅಡಗಿದ್ದು, ಎಷ್ಟೋ ವರ್ಷಗಳ ಮೇಲೆ ಸರ್ಪಸುತ್ತಾಗಿ ಎದ್ದು ಬರುತ್ತದೆ. ಬೆಕ್ಕಿನ ಹರ್ಪಿಸ್ ವೈರಸ್ ಅದೇ ಕುಟುಂಬದ್ದು, ಬಾಳುವ ರೀತಿಯೂ ಅದೇ. ಆದರೆ ಇದು ಬೆಕ್ಕಿನ ಜಾತಿಗೆ ಮಾತ್ರ ಅಂಟುತ್ತದೆ. ಸಾಕಿದವರಿಗಾಗಲಿ ಮನೆಯ ನಾಯಿಗಾಗಲಿ ಬರುವುದಿಲ್ಲ.

1958ರಲ್ಲಿ ಮೊದಲ ಬಾರಿಗೆ ಪ್ರತ್ಯೇಕಿಸಲಾದ ಈ ವೈರಸ್ಸಿಗೆ ವೈದ್ಯರ ಚೀಟಿಯಲ್ಲಿ ಎಫ್‌ಎಚ್‌ವಿ-1 (ಫೀಲೈನ್ ಹರ್ಪಿಸ್ ವೈರಸ್-1) ಎಂಬ ಹೆಸರಿರುತ್ತದೆ. ಸಾಮಾನ್ಯವಾಗಿ ಮರಿಯಾಗಿದ್ದಾಗಲೇ ತಾಯಿಯಿಂದಲೋ ಬೇರೆ ಬೆಕ್ಕಿನಿಂದಲೋ ಅಂಟುತ್ತದೆ. 2ರಿಂದ 6 ದಿನಗಳಲ್ಲಿ ಸೀನು, ಜ್ವರ, ಕೆಂಪಗೆ ಊದಿದ ಕಣ್ಣು, ಗೀಜು ಕಾಣಿಸಿಕೊಳ್ಳುತ್ತವೆ. ಎರಡು ಮೂರು ವಾರಗಳಲ್ಲಿ ಎಲ್ಲವೂ ಇಳಿಯುತ್ತದೆ. ಸಾಕಿದವರು 'ವಾಸಿಯಾಯಿತು' ಎನ್ನುವುದು ಇಲ್ಲಿಯೇ, ಮತ್ತು ತಪ್ಪು ತಿಳಿವಳಿಕೆ ಶುರುವಾಗುವುದೂ ಇಲ್ಲಿಂದಲೇ. ವೈರಸ್ ಹೋಗಿರುವುದಿಲ್ಲ. ಮುಖ ಮತ್ತು ಕಣ್ಣಿನ ಸ್ಪರ್ಶಜ್ಞಾನ ಹೊತ್ತ ಟ್ರೈಜೆಮಿನಲ್ ನರದ ಗಂಟಿಗೆ ಹಿಮ್ಮೆಟ್ಟಿ ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಸೋಂಕು ತಗುಲಿದ ಬೆಕ್ಕುಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಹೀಗೆ ಜೀವಮಾನವಿಡೀ ವೈರಸ್ ಹೊತ್ತಿರುತ್ತವೆ.

ಅದು ಮತ್ತೆ ಎಚ್ಚೆತ್ತು ನರದ ದಾರಿಯಲ್ಲೇ ಕಣ್ಣಿಗೆ ಇಳಿಯುವುದನ್ನು ಮರುಕಳಿಕೆ ಎನ್ನುತ್ತೇವೆ. ಇದು ಹೊಸ ಸೋಂಕಲ್ಲ. 'ಮನೆ ಬಿಟ್ಟು ಹೊರಗೇ ಹೋಗದ ಬೆಕ್ಕು, ಎಲ್ಲಿಂದ ಅಂಟಿಸಿಕೊಂಡು ಬಂತು?' ಎಂಬ ಪ್ರಶ್ನೆಗೆ ಉತ್ತರ: ಎಲ್ಲಿಂದಲೂ ಅಲ್ಲ. ಅದನ್ನು ಎಬ್ಬಿಸುವುದು ಬೆಕ್ಕಿನ ಮೈಮನಸ್ಸಿನ ಒತ್ತಡ: ಮನೆ ಬದಲಾವಣೆ, ಹೊಸ ಪ್ರಾಣಿಯ ಆಗಮನ, ಬೋರ್ಡಿಂಗ್ (ಊರಿಗೆ ಹೋಗುವಾಗ ಬೆಕ್ಕನ್ನು ಬಿಟ್ಟುಹೋಗುವ ಜಾಗ), ಶಸ್ತ್ರಚಿಕಿತ್ಸೆ, ಮರಿಗಳಿಗೆ ಹಾಲೂಡಿಸುವ ಕಾಲ. ಸ್ಟೀರಾಯ್ಡ್ ಔಷಧಿಯೂ ಎಬ್ಬಿಸುತ್ತದೆ. ಒತ್ತಡಕ್ಕೂ ವೈರಸ್ ಹೊರಬೀಳುವುದಕ್ಕೂ ನಡುವೆ ಸುಮಾರು ಒಂದು ವಾರದ ಅಂತರವಿರುತ್ತದೆ. ಬೋರ್ಡಿಂಗಿನಿಂದ ಚೆನ್ನಾಗಿಯೇ ಮರಳಿದ ಬೆಕ್ಕು ಎಂಟನೇ ದಿನ ಕಣ್ಣು ಕಿರಿದು ಮಾಡಿದರೆ ನಿನ್ನೆ ಮೊನ್ನೆಯ ಕಾರಣ ಹುಡುಕಬೇಡಿ, ಹಿಂದಿನ ವಾರ ಏನಾಯಿತೆಂದು ನೆನಪಿಸಿಕೊಳ್ಳಿ.

ಮರುಕಳಿಕೆಯಲ್ಲಿ ಹೆಚ್ಚಾಗಿ ಒಂದೇ ಕಣ್ಣು ಕೆಡುತ್ತದೆ, ಸೀನು ಇರಲೇಬೇಕೆಂದಿಲ್ಲ. ಮೊದಲು ನೀರು ಸುರಿಯುತ್ತದೆ, ಆಮೇಲೆ ಕಂದು ಗೀಜು. ರೆಪ್ಪೆಯ ಒಳಪದರ ಕೆಂಪಾಗಿ ಊದುತ್ತದೆ. ಮೂಗಿನ ಕಡೆಯ ಮೂಲೆಯಿಂದ ಮೂರನೇ ರೆಪ್ಪೆ ಮೇಲಕ್ಕೆ ಬಂದು ಕಣ್ಣಿನ ಒಂದು ಭಾಗವನ್ನು ಮುಚ್ಚುತ್ತದೆ. ಇಷ್ಟಕ್ಕೇ ನಿಂತರೆ ಅದು ಕಂಜಂಕ್ಟಿವೈಟಿಸ್. ಬೆಕ್ಕು ಕಣ್ಣನ್ನು ಬಿಗಿಯಾಗಿ ಮುಚ್ಚಿ ಬೆಳಕಿನಿಂದ ಮುಖ ತಿರುಗಿಸುತ್ತಿದ್ದರೆ ನೋವು ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲಿದೆ ಎಂದು ಅನುಮಾನಿಸಬೇಕು. ಅಲ್ಲಿ ವೈರಸ್ ಮೇಲ್ಪದರದ ಕೋಶಗಳನ್ನು ಒಂದರ ಪಕ್ಕ ಒಂದು ಕೊಲ್ಲುತ್ತಾ ಸಾಗುವುದರಿಂದ ಹುಣ್ಣು ಒಣಗಿದ ಮರದ ಕೊಂಬೆಯಂತೆ ಕವಲೊಡೆಯುತ್ತದೆ. ಇದೇ ಡೆಂಡ್ರಿಟಿಕ್ ಹುಣ್ಣು. ಬೆಕ್ಕಿನ ಕಣ್ಣಿನಲ್ಲಿ ಇದು ಕಂಡರೆ ಹರ್ಪಿಸ್ ಎಂದೇ ಅರ್ಥ. ಕವಲುಗಳು ಕೂಡಿಕೊಂಡರೆ ಹುಣ್ಣು ನಕಾಶೆಯ ದ್ವೀಪದಂತೆ ಅಗಲವಾಗುತ್ತದೆ, ಆಗ ನೋಟದಿಂದಷ್ಟೇ ಕಾರಣ ಹೇಳುವುದು ಕಷ್ಟ.

ಬರಿಗಣ್ಣಿಗೆ ಈ ಹುಣ್ಣು ಸಿಗುವುದಿಲ್ಲ. ಪಶುವೈದ್ಯರು ಫ್ಲೂರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಮೇಲ್ಪದರ ಕಿತ್ತ ಜಾಗ ಹಸಿರಾಗಿ ಹೊಳೆಯುತ್ತದೆ. ತೀರ ಸಣ್ಣ ಕವಲುಗಳನ್ನು ಫ್ಲೂರೆಸಿನ್ ತೋರಿಸದಿದ್ದಾಗ ರೋಸ್ ಬೆಂಗಾಲ್ ಬಣ್ಣ ತೋರಿಸುತ್ತದೆ. ಪಿಸಿಆರ್ ಪರೀಕ್ಷೆಯ ಮೇಲೆ ಮಾತ್ರ ಅತಿಯಾದ ಭರವಸೆ ಬೇಡ. ಏನೂ ತೊಂದರೆಯಿಲ್ಲದ ವಾಹಕ ಬೆಕ್ಕಿನಲ್ಲೂ, ಇತ್ತೀಚೆಗೆ ಜೀವಂತ ಲಸಿಕೆ ಪಡೆದ ಬೆಕ್ಕಿನಲ್ಲೂ ಅದು ಪಾಸಿಟಿವ್ ಬರಬಹುದು. ಹಳೆಯ ಕಾಯಿಲೆಯಲ್ಲಿ ವೈರಸ್ ಕಡಿಮೆಯಿದ್ದು ನೆಗೆಟಿವ್ ಬರುವುದೂ ಉಂಟು.

ಈಗ ಔಷಧಿ. ವೈರಸ್ ವಿರೋಧಿ ಔಷಧಿಗಳು ವೈರಸ್ ಹೆಚ್ಚುವುದನ್ನು ತಡೆಯುತ್ತವೆ ಅಷ್ಟೆ. ನರದಲ್ಲಿ ಮಲಗಿರುವುದನ್ನು ಮುಟ್ಟುವುದಿಲ್ಲ. ಬಾಯಿಂದ ಕೊಡುವವುಗಳಲ್ಲಿ ಹೆಚ್ಚು ನಂಬಿಕೆಯದು ಫ್ಯಾಮ್ಸೈಕ್ಲೊವಿರ್. ಇದು ದೇಹದೊಳಗೆ ಪೆನ್ಸೈಕ್ಲೊವಿರ್ ಆಗಿ ಮಾರ್ಪಟ್ಟ ಮೇಲೆಯೇ ಕೆಲಸ ಮಾಡುತ್ತದೆ. ಆ ಮಾರ್ಪಾಡು ಮಾಡುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಬಹಳ ದುರ್ಬಲ, ಆದ್ದರಿಂದ ಪ್ರಮಾಣ ದೊಡ್ಡದಾಗಿಯೇ ಇರಬೇಕು: ಕಿಲೋ ತೂಕಕ್ಕೆ 90 ಮಿ.ಗ್ರಾಂ, 12 ಗಂಟೆಗೊಮ್ಮೆ. 4 ಕಿಲೋ ಬೆಕ್ಕಿಗೆ ಲೆಕ್ಕ 360 ಮಿ.ಗ್ರಾಂ ಆಗುತ್ತದೆ, 250 ಮತ್ತು 125ರ ಒಂದೊಂದು ಮಾತ್ರೆ ಸೇರಿಸಿದರೆ ಹತ್ತಿರ ಬರುತ್ತದೆ. 'ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ದೊಡ್ಡ ಮಾತ್ರೆಯೇ' ಎಂದು ಹೆದರಿ ಅರ್ಧ ಕೊಟ್ಟರೆ ಔಷಧಿ ಸೋತಂತೆ ಕಾಣುತ್ತದೆ, ನಿಜಕ್ಕೂ ಸೋತದ್ದು ಪ್ರಮಾಣ. ಮೂತ್ರಪಿಂಡದ ತೊಂದರೆ ಇರುವ ಬೆಕ್ಕಿಗೆ ಮಾತ್ರ ವೈದ್ಯರು ಇದನ್ನು ಇಳಿಸಬೇಕಾಗುತ್ತದೆ.

ಇದೇ ಕುಟುಂಬದ ವ್ಯಾಲಸೈಕ್ಲೊವಿರ್ ಮಾತ್ರೆ ಮನೆಯಲ್ಲಿ ಯಾರದೋ ಸರ್ಪಸುತ್ತಿಗೆ ತಂದದ್ದು ಉಳಿದಿರಬಹುದು. ಅದನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು: ಮೂಳೆಮಜ್ಜೆ, ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣ ತೆಗೆಯುತ್ತದೆ.

ಕಣ್ಣಿಗೆ ಹಾಕುವವುಗಳಲ್ಲಿ 0.5% ಸಿಡೊಫೊವಿರ್ ಹನಿ ದಿನಕ್ಕೆ 2 ಬಾರಿ ಸಾಕು, ಅದು ಅಂಗಾಂಶದಲ್ಲಿ ಬಹಳ ಹೊತ್ತು ಉಳಿಯುತ್ತದೆ. 0.1% ಐಡಾಕ್ಸುರಿಡಿನ್ ಅಥವಾ 1% ಟ್ರೈಫ್ಲುರಿಡಿನ್ ಆದರೆ 4ರಿಂದ 6 ಬಾರಿ ಬೇಕು. ಟ್ರೈಫ್ಲುರಿಡಿನ್ ಚೆನ್ನಾಗಿ ಕೆಲಸ ಮಾಡಿದರೂ ಉರಿಯುತ್ತದೆ, ಮೂರನೇ ದಿನಕ್ಕೆ ಬಾಟಲಿ ಕಂಡರೇ ಬೆಕ್ಕು ಮಂಚದಡಿ ಸೇರುತ್ತದೆ. ದಿನಕ್ಕೆ ಆರು ಸಲ ಹಿಡಿದು ಹನಿ ಹಾಕುವ ಗುದ್ದಾಟವೇ ಒಂದು ಒತ್ತಡ ಎಂಬುದನ್ನು ಮರೆಯಬಾರದು. ಹಿಡಿಯಲು ಬಿಡದ ಬೆಕ್ಕಿಗೆ ಎರಡು ಹೊತ್ತಿನ ಮಾತ್ರೆಯೋ ಎರಡು ಹೊತ್ತಿನ ಹನಿಯೋ ಮೇಲು, ಇದನ್ನು ವೈದ್ಯರ ಹತ್ತಿರ ಮುಚ್ಚಿಡದೆ ಹೇಳಬೇಕು.

ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡದು. ಹುಣ್ಣಿಗೆ ಬ್ಯಾಕ್ಟೀರಿಯಾ ಸೇರದಂತೆ, ಅಥವಾ ಜೊತೆಗೆ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದಕ್ಕಾಗಿ ಕೊಡುತ್ತಾರೆ. ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ನುಂಗಿಸಿದ ತಕ್ಷಣ ಸಿರಿಂಜಿನಿಂದ 5–6 ಮಿ.ಲೀ. ನೀರು ಕುಡಿಸಿ ಅಥವಾ ಆಹಾರ ಕೊಡಿ. ಒಣಗಂಟಲಲ್ಲಿ ಸಿಕ್ಕಿಕೊಂಡ ಮಾತ್ರೆ ಅನ್ನನಾಳವನ್ನು ಸುಟ್ಟು ಕಿರಿದಾಗಿಸುತ್ತದೆ.

ಹೆಚ್ಚು ಕಣ್ಣುಗಳನ್ನು ಕೆಡಿಸುವ ತಪ್ಪು ಸ್ಟೀರಾಯ್ಡ್ ಹನಿಯದು. ಹಿಂದಿನ ಸಲದ ಬಾಟಲಿಯಲ್ಲೋ ಮನುಷ್ಯರ ಕಣ್ಣಿನ ಹನಿಯಲ್ಲೋ ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಇರುತ್ತದೆ. ಹಾಕಿದ ಎರಡು ದಿನದಲ್ಲಿ ಕೆಂಪು ಇಳಿದು ಸಮಾಧಾನವಾಗುತ್ತದೆ. ಅಷ್ಟರಲ್ಲಿ ರೋಗನಿರೋಧಕ ಕಾವಲು ಸಡಿಲವಾಗಿ ವೈರಸ್ ಕಾರ್ನಿಯಾದ ಆಳಕ್ಕೆ ಇಳಿದಿರುತ್ತದೆ, ಹುಣ್ಣಾದ ಜಾಗದಲ್ಲಿ ಕಾರ್ನಿಯಾವೇ ಕರಗತೊಡಗುತ್ತದೆ. ಬಾಟಲಿಯ ಮೇಲಿನ ಅಂಶಗಳ ಪಟ್ಟಿಯನ್ನು ಓದದೆ ಯಾವ ಹನಿಯನ್ನೂ ಹಾಕಬೇಡಿ.

ಲೈಸಿನ್ ಎಂಬ ಅಮೈನೋ ಆಮ್ಲದ ಪುಡಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಈಗಲೂ ಅದನ್ನು ಸಲಹೆ ಮಾಡುವವರಿದ್ದಾರೆ. ವೈರಸ್ ಬೆಳೆಯಲು ಬೇಕಾದ ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಲೈಸಿನ್ ತಗ್ಗಿಸುತ್ತದೆ ಎಂಬುದು ಹಿಂದಿದ್ದ ತರ್ಕ. 2015ರಲ್ಲಿ ಬಂದ ಸಮಗ್ರ ಪರಿಶೀಲನೆಯೊಂದು ಅದರಿಂದ ಉಪಯೋಗವಿಲ್ಲ, ಕೊಡುವುದನ್ನು ನಿಲ್ಲಿಸಿ ಎಂದಿತು. ಮೇಲಾಗಿ ಆರ್ಜಿನಿನ್ ಇಲ್ಲದೆ ಬೆಕ್ಕು ಬದುಕಲಾರದು, ಅದನ್ನು ತಗ್ಗಿಸುವ ಯೋಚನೆಯೇ ಅಪಾಯದ್ದು.

ಮನೆಯಲ್ಲಿ ಮಾಡಬೇಕಾದ್ದು ಹೀಗೆ. ಕೈ ತೊಳೆದು, ಉಗುರುಬೆಚ್ಚಗಿನ ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಗೀಜಿನ ಮೇಲೆ ಅರ್ಧ ನಿಮಿಷ ಇಟ್ಟರೆ ಅದು ನೆನೆಯುತ್ತದೆ, ಆಮೇಲೆ ಒರೆಸಿ. ಒಣಗಿದ್ದನ್ನು ಕೀಳಬೇಡಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ. ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿಕೊಂಡು, ಗದ್ದ ಎತ್ತಿ, ಬಾಟಲಿಯನ್ನು ತಲೆಯ ಹಿಂದಿನಿಂದ ತನ್ನಿ. ಎದುರಿನಿಂದ ಬರುವ ಕೈಗೆ ಬೆಕ್ಕು ಬೆದರುತ್ತದೆ. ಮೇಲಿನ ರೆಪ್ಪೆಯನ್ನು ತುಸು ಎಳೆದು ಬಿಳಿಭಾಗದ ಮೇಲೆ ಒಂದೇ ಹನಿ ಸಾಕು, ಹೆಚ್ಚು ಹಾಕಿದ್ದು ಕೆನ್ನೆಗೆ ಹರಿಯುತ್ತದೆ. ಬಾಟಲಿಯ ತುದಿ ಕಣ್ಣಿಗೂ ಕೂದಲಿಗೂ ತಾಗಬಾರದು. ಎರಡು ಹನಿಗಳ ನಡುವೆ 5 ನಿಮಿಷ ಬಿಡಿ, ಮುಲಾಮು ಕೊನೆಗೆ. ಮುಲಾಮು ಮೊದಲು ಹಾಕಿದರೆ ಅದರ ಜಿಡ್ಡು ಹನಿಯನ್ನು ಒಳಗೆ ಬಿಡುವುದಿಲ್ಲ. ಬೆಕ್ಕು ಪಂಜದಿಂದ ಉಜ್ಜುತ್ತಿದ್ದರೆ ಕೊರಳಿಗೆ ಕೋನ್ ಕಟ್ಟಲೇಬೇಕು, ಒಂದೇ ಕೆರೆತ ಮೇಲ್ಮೈಯ ಹುಣ್ಣನ್ನು ಆಳ ಮಾಡಬಲ್ಲದು.

ಕಣ್ಣೀರಿನ ಲೋಳೆಯಂಶ ತಯಾರಿಸುವ ಕೋಶಗಳನ್ನೂ ಹರ್ಪಿಸ್ ನಾಶಮಾಡುವುದರಿಂದ, ಕಣ್ಣಲ್ಲಿ ನೀರಿದ್ದರೂ ಅದು ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಹಯಲುರೊನೇಟ್ ಇರುವ ಕೃತಕ ಕಣ್ಣೀರನ್ನು ದಿನಕ್ಕೆ 3–4 ಬಾರಿ ಹಾಕುವುದು ಬಹಳ ಬೆಕ್ಕುಗಳಿಗೆ ಹಿತ.

ಮೇಲ್ಮೈಯ ಸರಳ ಹುಣ್ಣು ಸುಮಾರು ಒಂದು ವಾರದಲ್ಲಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಔಷಧಿ ಮುಂದುವರಿಸುತ್ತಾ ಕೂರುವ ಬದಲು ಕಾರಣ ಹುಡುಕಬೇಕು. ಕೆಲವೊಮ್ಮೆ ಹುಣ್ಣಿನ ಅಂಚು ಅಂಟದೆ ಸಡಿಲವಾಗಿರುತ್ತದೆ, ಅದನ್ನು ವೈದ್ಯರು ಮರಗಟ್ಟಿಸಿ ಹತ್ತಿಯಿಂದ ಒರೆಸಿ ತೆಗೆಯುತ್ತಾರೆ. ನಾಯಿಗಳಿಗೆ ಮಾಡುವಂತೆ ಸೂಜಿಯಿಂದ ಗೀರು ಹಾಕುವ ವಿಧಾನ ಬೆಕ್ಕಿಗೆ ಹೊಂದುವುದಿಲ್ಲ, ಅದರಿಂದ ಸೀಕ್ವೆಸ್ಟ್ರಂ ಹುಟ್ಟುವ ಸಂಭವ ಹೆಚ್ಚುತ್ತದೆ. ಸೀಕ್ವೆಸ್ಟ್ರಂ ಎಂದರೆ ಕಾರ್ನಿಯಾದ ಸತ್ತ ತುಣುಕು. ಮೊದಲು ಚಹಾದ ಕಲೆಯಂತೆ ಕಂದಾಗಿ, ಆಮೇಲೆ ಕಪ್ಪು ಹಕ್ಕಳೆಯಾಗಿ ಕಾಣುತ್ತದೆ. ಪರ್ಷಿಯನ್, ಹಿಮಾಲಯನ್‌ನಂಥ ಚಪ್ಪಟೆ ಮುಖದ ತಳಿಗಳಲ್ಲಿ ಇದು ಹೆಚ್ಚು, ಬಹುಪಾಲು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ.

ಕಾರ್ನಿಯಾ ಬೂದು ನೀಲಿಯಾಗಿ ಮಸುಕಾದರೆ, ಮೇಲ್ಮೈಯಲ್ಲಿ ಗುಂಡಿ ಕಂಡರೆ ಅಥವಾ ಜೆಲ್ಲಿಯಂತೆ ಮೆತ್ತಗಾದರೆ ನಾಳೆಯವರೆಗೆ ಕಾಯುವಂತಿಲ್ಲ. ಇನ್ನೂ ಕಣ್ಣು ತೆರೆಯದ ಎಳೆಮರಿಯ ರೆಪ್ಪೆ ಊದಿದ್ದರೂ ಹಾಗೆಯೇ: ಒಳಗೆ ಕೀವು ತುಂಬಿರುತ್ತದೆ, ಅದನ್ನು ವೈದ್ಯರೇ ಬಿಡಿಸಬೇಕು. ತಡವಾದರೆ ರೆಪ್ಪೆಯ ಒಳಪದರ ಕಾರ್ನಿಯಾಕ್ಕೆ ಅಂಟಿಕೊಂಡು ಕಾಯಂ ಕಲೆ ಉಳಿಯುತ್ತದೆ.

ಲಸಿಕೆ ಸೋಂಕನ್ನು ಪೂರ್ತಿ ತಡೆಯದು, ತೀವ್ರತೆ ತಗ್ಗಿಸುತ್ತದೆ. 6–8 ವಾರಕ್ಕೆ ಶುರುಮಾಡಿ 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಹಾಕಿಸುತ್ತಾರೆ. ಹಲವು ಬೆಕ್ಕುಗಳಿರುವ ಮನೆಯಲ್ಲಿ ಮಲದ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಊಟದ ಬಟ್ಟಲುಗಳು ದೂರ ದೂರವಿರಲಿ, ಕಾದಾಟವೂ ಒತ್ತಡವೇ. ಹೊರಗೆ ಬಿದ್ದ ವೈರಸ್ ತೇವದಲ್ಲಿ 18 ಗಂಟೆಯ ಹೊತ್ತು ಬದುಕಬಹುದಾದರೂ ಸಾಮಾನ್ಯ ಸೋಂಕುನಿವಾರಕಕ್ಕೆ ಸಾಯುತ್ತದೆ. ಮರುಕಳಿಕೆ ನಡೆದಿರುವಾಗ ಆ ಬೆಕ್ಕಿನ ಬಟ್ಟಲು, ಹಾಸಿಗೆ ಬೇರೆ ಮಾಡಿ, ಔಷಧಿಯ ಸರದಿಯಲ್ಲಿ ಅದನ್ನು ಕೊನೆಗೆ ಮುಟ್ಟಿ.